ಮೂಡಲ ಗೋಡೆಯ ಗಾಳಿಗಣ್ಣು

ಗುಂಡ್ಲುಪೇಟೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿದ ಎಷ್ಟೋ ಜನಕ್ಕೆ ಒಂದು ಸಂಗತಿ ಗೊತ್ತಿಲ್ಲ. ಅವರ ಮನೆಯ ಕಿಟಕಿಯಲ್ಲಿ ಅವರಿಗಿಂತ ಮೊದಲೇ ಕೂತು ಹೊರಗೆ ನೋಡಿದವಳು ಉಮ್ಮತ್ತೂರಿನ ಸಣ್ಣಮ್ಮ. ಗೋಡೆ ಎದ್ದು, ಕಿಟಕಿಯ ಜಾಗ ಬರೀ ಚೌಕವಾಗಿ ಉಳಿದಿರುವಾಗ, ಸರಳು ಗಾಜು ಯಾವುದೂ ಇನ್ನೂ ಬಂದಿರದಾಗ, ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ತಲೆಯ ಮೇಲಿನ ಸಿಂಬಿ ತೆಗೆದಿಟ್ಟು ಆ ಚೌಕದೊಳಕ್ಕೆ ಹತ್ತಿ ಕೂರುತ್ತಾಳೆ. ಉಳಿದವರು ಮರಳಿನ ಗುಡ್ಡೆಯ ನೆರಳಲ್ಲಿ ಉರುಳಿಕೊಂಡಿದ್ದರೆ ಇವಳು ಕಾಲು ಇಳಿಬಿಟ್ಟುಕೊಂಡು, ಡಬ್ಬಿಯ ಮುದ್ದೆ ಮುರಿಯುವುದನ್ನೂ ಮರೆತು, ಕೇರಳದ ದಿಕ್ಕಿನಿಂದ ಬರುವ ಗಾಳಿಗೆ ಮುಖ ಕೊಟ್ಟಿರುತ್ತಾಳೆ. ದೂರದಲ್ಲಿ ಈರುಳ್ಳಿ ತುಂಬಿದ ಲಾರಿಗಳು ಹೋಗುತ್ತವೆ. ಅವುಗಳ ಹಿಂದೆ ಅವಳ ಮನಸ್ಸೂ ಒಂದಷ್ಟು ದೂರ ಹೋಗಿ ಬರುತ್ತದೆ.

ಮನೆ ಕಟ್ಟುವವರು ಬಾಗಿಲಿಗೆ ಮಾಡುವ ಉಪಚಾರ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಅರಿಸಿನ, ಕುಂಕುಮ, ಹೂವು, ಗಂಟು ಕಟ್ಟಿದ ನವಧಾನ್ಯ, ಬಡಗಿಗೆ ಪಂಚೆ, ಗಾರೆಯವನಿಗೆ ತಾಂಬೂಲ. ತಾರಸಿ ಹಾಕಿದ ದಿನ ಎಲ್ಲರಿಗೂ ಪಾಯಸದ ಊಟ. ಕಿಟಕಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಬೆಳಕು, ಗಾಳಿ, ಬೀದಿಯ ಸುದ್ದಿ ಎಲ್ಲವನ್ನೂ ಅದು ತಂದುಕೊಡಬೇಕು, ಅದಕ್ಕೊಂದು ಚಿಟಿಕೆ ಕುಂಕುಮವಿಲ್ಲ. ಸಣ್ಣಮ್ಮನಿಗೂ ಇದು ಸರಿಕಂಡಿರಲಿಲ್ಲ. ಅದಕ್ಕೇ ಅವಳು ಕಿಟಕಿಯಿಂದ ಇಳಿಯುವ ಮುಂಚೆ ತನ್ನ ತಲೆಯ ಹೂವಿನಲ್ಲಿ ಒಂದನ್ನು ಕಿತ್ತು ಆ ಮೂಲೆಯಲ್ಲಿ ಇಡುತ್ತಿದ್ದಳು. ಮಾರನೆಯ ದಿನ ಸಿಮೆಂಟು ಅದನ್ನು ಮುಚ್ಚಿಕೊಳ್ಳುತ್ತಿತ್ತು.

ಅವಳ ಗಂಡ ಮಾದಣ್ಣ ಗಾರೆ ಮೇಸ್ತ್ರಿ. ಮದುವೆಯಾಗಿ ಬಂದ ಮೊದಲ ಸುಗ್ಗಿಯಲ್ಲಿ ಸಣ್ಣಮ್ಮ ಚಾಮರಾಜನಗರದ ಕಡೆ ಅರಿಸಿನ ಬೇಯಿಸುವ ಕೂಲಿಗೆ ಹೋಗಿದ್ದಳು. ಆಮೇಲೆ ಗಂಡನ ಜೊತೆಗೇ ಬಾಂಡ್ಲಿ ಹೊರಲು ನಿಂತಳು. ಅವನು ಕೈಚಾಚಿದಾಗ ಕೈಗೆ ಇಟ್ಟಿಗೆ ಬಂದಿರಬೇಕು, ಅವಳು ಅದನ್ನು ಎಂದೂ ತಪ್ಪಿಸಿದವಳಲ್ಲ. ಆದರೆ ಹೊರುವಾಗಲೂ ಅವಳ ತಲೆಯಲ್ಲಿ ಬೇರೆಯದೇ ಸಂಸಾರ ನಡೆಯುತ್ತಿರುತ್ತದೆ. ಈ ಕಿಟಕಿಯ ಕೆಳಗೆ ಒಂದು ಮಂಚ ಹಾಕುತ್ತಾರೆ, ಇಲ್ಲಿ ಒಂದು ಮಗು ನಿಂತು ಬಸ್ಸು ನೋಡುತ್ತದೆ, ಅಲ್ಲಿ ಒಬ್ಬಳು ಮುದುಕಿ ಬಿಸಿಲಿಗೆ ಬೆನ್ನು ಕೊಡುತ್ತಾಳೆ ಎಂದು ಎಲ್ಲವನ್ನೂ ಅವಳೇ ಗೊತ್ತುಮಾಡಿಬಿಡುತ್ತಾಳೆ.

"ಲೇ ಸಣ್ಣಿ, ಎಲ್ಲೋದೆ?" ಎಂದು ಮಾದಣ್ಣ ಕೂಗಿದರೆ, "ಇಲ್ಲೇ ಇವ್ನಿ ಕಣ" ಎನ್ನುತ್ತಾಳೆ. ಇರುವುದಿಲ್ಲ.

ಇಷ್ಟು ಜನರಿಗೆ ಕಿಟಕಿ ಬಿಟ್ಟುಕೊಟ್ಟವರ ಸ್ವಂತ ಮನೆಗೆ ಕಿಟಕಿಯಿರಲಿಲ್ಲ. ಉಮ್ಮತ್ತೂರಿನ ಅವರ ಮನೆ ಮಣ್ಣಿನ ಗೋಡೆಯದು, ಮೇಲೆ ಹೆಂಚು. ಬಡಗಲಿಗೂ ತೆಂಕಲಿಗೂ ಪಕ್ಕದ ಮನೆಗಳ ಗೋಡೆ ಅಂಟಿಕೊಂಡಿವೆ. ಪಡುವಲಿಗೆ ಬಾಗಿಲು. ಉಳಿದದ್ದು ಮೂಡಲ ಗೋಡೆ ಒಂದೇ. ಅದರಾಚೆ ಒಬ್ಬರು ನಡೆಯುವಷ್ಟು ಸಂದಿ, ಸಂದಿಯಾಚೆಗೆ ಚಿಕ್ಕಮಲ್ಲಪ್ಪನ ಹುಳುಮನೆ. ಚಿಕ್ಕಮಲ್ಲಪ್ಪ ಊರಿನ ಜಮೀನ್ದಾರ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವುದು ಆ ಮನೆಯಲ್ಲಿ ತಾತನ ಕಾಲದಿಂದ ನಡೆದುಬಂದಿದೆ. ಹುಳು ಬಲು ಸೂಕ್ಷ್ಮ, ಹೊರಗಿನವರ ಕಣ್ಣು ಬಿದ್ದರೆ ಕೆಡುತ್ತದೆ ಎಂದು ಸೊಪ್ಪು ಹಾಕುವವರನ್ನಲ್ಲದೆ ಹುಳುಮನೆಗೆ ಬೇರೆಯವರನ್ನು ಬಿಡುವುದಿಲ್ಲ. ಆ ದಿಕ್ಕಿಗೆ ಯಾರೂ ಕಿಟಕಿ ಇಡುವುದಿಲ್ಲ. ಹಳೆಯ ಹುಳುಮನೆ ಕೆಡವಿ ಹೊಸದು ಕಟ್ಟುವಾಗ ಇಟ್ಟಿಗೆ ಹೊತ್ತವಳು ಸಣ್ಣಮ್ಮನೇ. ಪೂಜೆಯಾದ ಮೇಲೆ ಅದರ ಹೊಸಲು ಅವಳಿಗೆ ಹೊರಗಿನಿಂದ ಮಾತ್ರ ಕಾಣುತ್ತಿತ್ತು.

ಮನೆಯೊಳಗೆ ಬೆಳಕು ಬರುತ್ತಿದ್ದದ್ದು ಹೆಂಚುಗಳ ನಡುವೆ ಕೂರಿಸಿದ ಒಂದು ಗಾಜಿನ ಹೆಂಚಿನಿಂದ. ಅದರ ಕೆಳಗೆ ಅತ್ತೆ ಕರಿಬಸಮ್ಮನ ಚಾಪೆ. ಅವಳಿಗೆ ಎರಡೂ ಕಣ್ಣು ಹೋಗಿ ವರ್ಷಗಳಾಗಿವೆ. ಚಾಮರಾಜನಗರದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಇದು ಪೊರೆಯಲ್ಲ, ನರವೇ ಸತ್ತಿದೆ, ಇನ್ನು ಬೆಳಕು ಬಾರದು ಎಂದಿದ್ದರು. ಆಗ ಕರಿಬಸಮ್ಮ, "ಬುಡಿ ಸ್ವಾಮಿ, ಒಳ್ಳೇದೇ ಆಯ್ತು" ಎಂದು ಸೆರಗು ಸರಿಮಾಡಿಕೊಂಡು ಎದ್ದಿದ್ದಳು. ಇದೆಂಥ ಮಾತು ಎಂದು ಸಣ್ಣಮ್ಮನಿಗೆ ಆಗ ತಿಳಿಯಲಿಲ್ಲ.

ತಿಳಿದದ್ದು ಈ ಸಲದ ಆಷಾಢದಲ್ಲಿ, ಒಂದು ಭಾನುವಾರ, ಮಗಳು ಭಾನುವಿನ ದೆಸೆಯಿಂದ. ಭಾನು ಚಾಮರಾಜನಗರದ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ದಿನಾ ಆಡುವ ಒಂದು ಇಂಗ್ಲಿಷ್ ಮಾತನ್ನು ಆರಿಸಿಕೊಂಡು, ಅದು ಎಲ್ಲಿಂದ ಬಂತು, ಈಗ ಅದಕ್ಕೆ ಏನೇನು ಅರ್ಥ ಎಂದು ತರಗತಿಯಲ್ಲಿ ಎದ್ದುನಿಂತು ಹೇಳಬೇಕೆಂದು ಮೇಡಂ ಹೇಳಿದ್ದರಂತೆ. ಉಳಿದವರು ಬಸ್ಸು, ಬಟನ್ನು ಎಂದು ಹಂಚಿಕೊಂಡರು. ಬಸ್ಸಿನಲ್ಲಿ ವಿಂಡೋ ಸೀಟಿಗಾಗಿ ದಿನವೂ ಜಗಳ ಕಾಯುವ ಭಾನು ವಿಂಡೋ ಎಂಬ ಮಾತನ್ನೇ ಹಿಡಿದಳು. ಹೇಳುವುದನ್ನು ಅಭ್ಯಾಸ ಮಾಡಲು ಅವಳು ಮೂಡಲ ಗೋಡೆಗೆ ಮುಖಮಾಡಿ ನಿಂತಿದ್ದಳು. ಸಣ್ಣಮ್ಮ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು.

"ಅದೇನ್ ಗೋಡೆ ಜೊತೆ ಮಾತಾಡೀಯ? ನಮಗೂ ಹೇಳಮ್ಮಿ" ಎಂದಳು ಸಣ್ಣಮ್ಮ.

"ವಿಂಡೋ ಅಂದ್ರೆ ಕಿಟಕಿ ಕಣವ್ವ. ಇಂಗ್ಲೆಂಡಿನೋರು ಹಿಂದೆ ಅದಕ್ಕೆ ಕಣ್ಣುತೂತು ಅಂತಿದ್ರಂತೆ. ಆಮೇಲೆ ಉತ್ತರದ ಚಳಿದೇಶಗಳಿಂದ ದೋಣೀಲಿ ಜನ ಬಂದ್ರು. ಮೊದಲು ದೋಚ್ಕೊಂಡ್ ಹೋಗಕ್ಕೆ ಬಂದೋರು, ಆಮೇಲೆ ಅಲ್ಲೇ ಹೊಲ ಉತ್ಕೊಂಡು, ಮದುವೆ ಮಾಡ್ಕೊಂಡು ನಿಂತ್ಬುಟ್ರು. ಅವರ ಮಾತು ಇದು. ವಿಂಡ್ ಅಂದ್ರೆ ಗಾಳಿ, ಔಗ ಅಂದ್ರೆ ಕಣ್ಣು. ವಿಂಡೌಗ, ಗಾಳಿ ಕಣ್ಣು. ಜನರ ಬಾಯಲ್ಲಿ ಸವೆದು ಸವೆದು ವಿಂಡೋ ಆಯ್ತು."

"ಗಾಜಾಕ್ದ ಮೇಲೆ ಗಾಳಿ ಎಲ್ಲಿ ಬಂದದು?"

"ಆಗ ಗಾಜೆಲ್ಲಿತ್ತವ್ವ? ಒಂದೇ ಉದ್ದನೆ ಮನೆ. ಒಂದು ಕಡೆ ದನ, ಒಂದು ಕಡೆ ಜನ, ನಡುವೆ ಒಲೆ. ಹೊಗೆ ಹೋಗ್ಲಿ ಅಂತ ಸೂರಲ್ಲಿ ಒಂದು ತೂತು. ಅದ್ನೇ ಗಾಳಿ ಕಣ್ಣು ಅಂದ್ರು."

ಸಣ್ಣಮ್ಮನ ಕೈ ಅಕ್ಕಿಯ ಮೇಲೆ ಹಾಗೇ ನಿಂತಿತು. ಇಂಗ್ಲಿಷಿನವರು ಗಾಜಿನ ಕಿಟಕಿಯ ಹಿಂದೆಯೇ ಹುಟ್ಟಿದವರು ಎಂದು ಅವಳು ಇಷ್ಟು ದಿನ ತಿಳಿದಿದ್ದಳು. "ನಮ್ಮಂಗೇ ಹೊಗೇಲಿ ಬಾಳ್ದೋರಾ ಅವರೂವೆ?" ಎಂದಳು. ಅವಳಿಗೆ ಎಲ್ಲೋ ದೂರದ ನೆಂಟರ ಸುದ್ದಿ ಬಂದಷ್ಟು ಖುಷಿಯಾಗಿತ್ತು.

ಭಾನುವಿಗೂ ಹುರುಪು ಬಂತು. ಕೇರಳದ ಗಾರೆಯವರು ಗುಂಡ್ಲುಪೇಟೆಯಲ್ಲಿ ಜನಲ್ ಅನ್ನುತ್ತಾರಲ್ಲ, ಅದು ಪೋರ್ಚುಗೀಸರ ಹಡಗಿನಲ್ಲಿ ಬಂದ ಮಾತು ಎಂದಳು. ನಮ್ಮ ಗವಾಕ್ಷಿ ಅಂದರೆ ಹಸುವಿನ ಕಣ್ಣು ಎಂದಳು. ಈಗಂತೂ ವಿಂಡೋ ಎಂದರೆ ಟಿಕೆಟ್ಟು ಕೊಡುವ ಕಿಂಡಿಯೂ ಹೌದು, ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವ ಚೌಕವೂ ಹೌದು, ಒಂದು ಕೆಲಸಕ್ಕೆ ಸಿಗುವ ಸಣ್ಣ ಅವಕಾಶವೂ ಹೌದು ಎಂದಳು. "ತಾಲ್ಲೂಕಾಪೀಸಲ್ಲಿ ಆ ವಿಂಡೋಗೋಗು, ಈ ವಿಂಡೋಗೋಗು ಅಂತ ಅಲೆಸ್ತಾರಲ್ಲ, ಅದಾ?" ಎಂದು ಸಣ್ಣಮ್ಮ ಕೇಳಿದ್ದಕ್ಕೆ ಇಬ್ಬರೂ ನಕ್ಕರು.

ಆಗ ಚಾಪೆಯ ಮೇಲಿಂದ ಕರಿಬಸಮ್ಮ ಕೇಳಿದಳು: "ಅಮ್ಮಿ ಭಾನು, ಆ ಗಾಳಿ ಕಣ್ಣು ಅವರೂರಲ್ಲಿ ಯಾರ ಹುಳಕ್ಕೂ ತಾಕ್ನಿಲ್ವಾ?"

ಅಜ್ಜಿ ತಮಾಷೆ ಮಾಡುತ್ತಿದ್ದಾಳೆಂದು ಭಾನು ತಿರುಗಿ ನೋಡಿದಳು. ಅಜ್ಜಿಯ ಮುಖದಲ್ಲಿ ನಗುವಿರಲಿಲ್ಲ. ಕೈಯನ್ನು ಗೋಡೆಯ ಮೇಲೆ ಆಡಿಸುತ್ತ, ಯಾರಿಗೂ ಹೇಳದವಳ ಹಾಗೆ ಅವಳು ಹೇಳತೊಡಗಿದಳು. ಮಾದಣ್ಣ ತೊಟ್ಟಿಲಲ್ಲಿದ್ದ ಕಾಲ. ಒಲೆಯ ಹೊಗೆಗೆ ಮಗು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿತ್ತು. ತಡೆಯಲಾರದೆ ಅವಳು ಕುಡುಗೋಲಿನ ಮೊನೆಯಿಂದ ಮೂಡಲ ಗೋಡೆಯಲ್ಲಿ ಒಂದು ಮುಷ್ಟಿಯಗಲ ತೂತು ಕೊರೆದಳು. ಹೊಗೆ ಹೋಯಿತು, ಮಗು ಮಲಗಿತು. ಅದೇ ದಿನಗಳಲ್ಲಿ ಚಿಕ್ಕಮಲ್ಲಪ್ಪನವರ ಮನೆಯ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂದು, ತಟ್ಟೆ ತಟ್ಟೆ ಹುಳುಗಳು ಬಿಳುಚಿ ಸೀಮೆಸುಣ್ಣದಂತೆ ಸೆಟೆದುಕೊಂಡವು. ಕಾರಣ ಹುಡುಕಿಕೊಂಡು ಬಂದವರಿಗೆ ಗೋಡೆಯ ತೂತು ಕಂಡಿತು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮುಚ್ಚು ಎಂದರು. ಅವಳ ಗಂಡ ಮಣ್ಣು ಮೆತ್ತಿದ.

"ಆಮ್ಯಾಕೆ ನಾ ಎದ್ರಿಗೆ ಬಂದ್ರೆ ಸೊಪ್ಪಿನ ಕುಕ್ಕೆಗೆ ಬಟ್ಟೆ ಮುಚ್ಚೋರು. ಬಾಣಂತೀರ ಮನೆಗೆ ಕರೀನಿಲ್ಲ. ಯಾಕ್ ಬೇಕು ಅಂತ ನಾ ಕೆರೆ ಏರಿ ಸುತ್ಕೊಂಡೇ ಓಡಾಡ್ಬುಟ್ಟೆ. ಕಣ್ಣೋದ ಮೇಲೆ ನೆಮ್ಮದಿ ಆಯ್ತು ಕಣಮ್ಮಿ. ಇನ್ ಯಾರ ಮೇಲೂ ಬೀಳಕಿಲ್ವಲ್ಲ."

ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಒಂದೇ ಪಾತ್ರೆಯ ಗಂಜಿ ಕುಡಿದು, ಈ ಮುದುಕಿಯ ಎದೆಯಲ್ಲಿ ಇಂಥದೊಂದು ಕೂತಿದೆ ಎಂದು ತನಗೆ ಗೊತ್ತಾಗಲಿಲ್ಲವಲ್ಲ ಎಂದು ಸಣ್ಣಮ್ಮನಿಗೆ ತನ್ನ ಮೇಲೆಯೇ ಕೋಪ ಬಂತು. ಮಾದಣ್ಣ ಮನೆಗೆ ಬಂದು ಕೈಕಾಲು ತೊಳೆಯುವ ಮುಂಚೆಯೇ ಅವಳು, "ಮೂಡಲ ಗೋಡೇಲಿ ಒಂದು ಕಿಟ್ಕಿ ಒಡಿ" ಎಂದಳು.

"ನಿಂಗೇನ್ ತಲೆ ಕೆಟ್ಟದಾ? ನಾಳೆ ಅವರ ಹುಳಕ್ಕೆ ಏನಾರ ಆದ್ರೆ ಮತ್ತೆ ನಮ್ಮವ್ವನ ತಲೆಗೇ ಕಟ್ತಾರೆ. ಸಾಯೋ ಕಾಲ್ದಲ್ಲಿ ಇನ್ನೊಂದ್ಸಲ ಆ ಮಾತು ಕೇಳ್ಬೇಕಾ ಅವಳು?"

ಅವನ ಮಾತೂ ಸುಳ್ಳಲ್ಲ. ಆದರೆ ಸಣ್ಣಮ್ಮನ ಮನಸ್ಸು ಸುಮ್ಮನಾಗಲಿಲ್ಲ. ಗುಂಡ್ಲುಪೇಟೆಯ ಖಾಲಿ ಕಿಟಕಿಗಳಲ್ಲಿ ಕೂತಾಗಲೆಲ್ಲ ಅವಳಿಗೆ ಚಳಿದೇಶದ ಒಬ್ಬ ಹೆಂಗಸು ಕಾಣತೊಡಗಿದಳು. ಹೊರಗೆ ಮಂಜು, ಒಳಗೆ ಹೊಗೆ, ತೊಟ್ಟಿಲಲ್ಲಿ ಕೆಮ್ಮುವ ಕೂಸು. ಅವಳು ಕೋಲು ತೆಗೆದುಕೊಂಡು ಸೂರಿಗೆ ಚುಚ್ಚುತ್ತಾಳೆ. ತೂತಿನಿಂದ ಗಾಳಿ ಇಳಿದು ಕೂಸಿನ ಕೂದಲು ಅಲ್ಲಾಡುತ್ತದೆ. ಅವಳ ಹೆಸರು ಏನಿದ್ದೀತು, ಅವಳನ್ನೂ ಜನ ಬೀದಿ ಬಿಟ್ಟು ಸುತ್ತು ದಾರಿಯಲ್ಲಿ ಓಡಾಡುವಂತೆ ಮಾಡಿದರೇ ಎಂದು ಸಣ್ಣಮ್ಮ ಯೋಚಿಸುತ್ತಿದ್ದಳು. ಒಮ್ಮೊಮ್ಮೆ ಆ ಹೆಂಗಸು ತಿರುಗಿದರೆ ಕರಿಬಸಮ್ಮನದೇ ಎಳೆಯ ಮುಖ. ಬಾಂಡ್ಲಿ ತುಂಬಿ ಕಾದರೂ ಇವಳು ಇಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಚಿಕ್ಕಮಲ್ಲಪ್ಪನೇ ಅವರ ಬಾಗಿಲಿಗೆ ಬಂದ. ಅವನ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳು ಪೊರೆ ಬಿಡಲು ತಿನ್ನದೆ ಕೂರುವುದನ್ನು ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಸೊಪ್ಪು ಹಾಕುತ್ತಿದ್ದ ಹೆಂಗಸರೆಲ್ಲ ಗುಂಡ್ಲುಪೇಟೆ ಕಡೆ ಚೆಂಡುಹೂ ಬಿಡಿಸಲು ಟೆಂಪೋ ಹತ್ತಿದ್ದರು.

"ಅಮ್ಮಿ ಸಣ್ಣಿ, ಈ ವಾರ ಗಾರೆ ಕೆಲಸಕ್ಕೋಗ್ಬೇಡ. ಸೊಪ್ಪು ಹಾಕಕ್ಕೆ ಬಾ" ಎಂದ.

"ಬತ್ತೀನಿ ಅಪ್ಪೋರೆ. ಆದ್ರೆ ನಂದೊಂದು ಕೇಳ್ಕೆ ಅದೆ. ನಮ್ಮ ಮೂಡಲ ಗೋಡೇಲಿ ಕಿಟ್ಕಿ ಇಟ್ಕತೀವಿ."

ಮಾದಣ್ಣ ಒಳಗಿನಿಂದ ಕೆಮ್ಮಿದ. ಚಿಕ್ಕಮಲ್ಲಪ್ಪ ಕೆಟ್ಟವನಲ್ಲ. ಆದರೆ ಹುಳುವಿನ ವಿಷಯದಲ್ಲಿ ಅವನ ಜೀವ ಅಂಗೈಯಲ್ಲೇ ಇರುತ್ತದೆ. ಅವನು ದನಿ ತಗ್ಗಿಸಿ, "ನಿನ್ನ ಕಣ್ಣಿಗೆ ನಾ ಹೆದರಲ್ಲ ಕಣಮ್ಮಿ. ನಿಮ್ಮತ್ತೆ ಒಳಗವ್ಳಲ್ಲ" ಎಂದ.

"ಅವಳಿಗೆ ಕಣ್ಣೇ ಇಲ್ವಲ್ಲ ಅಪ್ಪೋರೆ."

"ಅದೇನೋ, ನಂಗೆ ಗೊತ್ತಾಗಲ್ಲ. ನಮ್ಮವ್ವನ್ನ ಕೇಳು" ಎಂದು ಅವನು ನುಣುಚಿಕೊಂಡ.

ಸಣ್ಣಮ್ಮ ಕಾಲು ತೊಳೆದು ಹುಳುಮನೆಯ ಹೊಸಲು ದಾಟಿದಳು. ಒಳಗೆ ತಂಪು, ಮಬ್ಬು, ಹಸಿ ಸೊಪ್ಪಿನ ವಾಸನೆ. ಸಾವಿರಾರು ಹುಳುಗಳು ಒಟ್ಟಿಗೆ ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ತಾನು ಇಟ್ಟಿಗೆ ಹೊತ್ತ ಗೋಡೆಗಳ ನಡುವೆ ಅವಳು ಯಾರದೋ ನಿದ್ದೆಯಲ್ಲಿ ನಡೆದಂತೆ ನಡೆದಳು. ಪಡುವಲ ಕಿಟಕಿಗೆ ಸೊಳ್ಳೆಪರದೆಯಂಥ ಬಲೆ ಬಡಿದಿದ್ದರು. ಅದರೊಳಗಿಂದ ನೋಡಿದರೆ ಎದುರಿಗೆ ಅವಳ ಮನೆಯ ಗೋಡೆಯ ಬೆನ್ನು. ಅದರ ನಡುವೆ ಬೇರೆ ಬಣ್ಣದ ಮಣ್ಣಿನ ಒಂದು ತೇಪೆ. ಮಾವ ಮೆತ್ತಿದ ಬೆರಳಿನ ಗುರುತು ಇನ್ನೂ ಹಾಗೇ ಇತ್ತು. ಒಳಗಿನಿಂದ ಸುಣ್ಣ ಹೊಡೆದು ಹೊಡೆದು ಮರೆಯಾದದ್ದು ಹೊರಗೆ ಇಷ್ಟು ವರ್ಷವೂ ಕಾಣುತ್ತಲೇ ಇತ್ತು.

"ಅದ ನಾ ದಿನಾ ನೋಡ್ತೀನಿ" ಎಂದಿತು ಹಿಂದಿನಿಂದ ಒಂದು ದನಿ. ಚಿಕ್ಕಮಲ್ಲಪ್ಪನ ತಾಯಿ ದೊಡ್ಡಮಲ್ಲಮ್ಮ. ಕೊರಳಲ್ಲಿ ಲಿಂಗ, ಕೈಯಲ್ಲಿ ಸೊಪ್ಪಿನ ಕುಕ್ಕೆ. ಕರಿಬಸಮ್ಮನೂ ಅವಳೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು.

ಸಣ್ಣಮ್ಮ ಒಂದು ಹಿಡಿ ಸೊಪ್ಪು ಹಾಕುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು. ಹೊಗೆ, ಕೂಸು, ಕೆರೆ ಏರಿ, ಆಸ್ಪತ್ರೆಯಲ್ಲಿ ಅಂದ ಮಾತು. ಗಾಳಿ ಕಣ್ಣಿನ ಕಥೆಯನ್ನೂ ಬಿಡಲಿಲ್ಲ. ದೊಡ್ಡಮಲ್ಲಮ್ಮನ ಮನೆಯಲ್ಲಿ ಹಿಂದಿನಿಂದ ಒಂದು ಪದ್ಧತಿಯಿತ್ತು. ಹುಳುವಿಗೆ ಸೊಪ್ಪು ಹಾಕಿದವರು ಹೊರಗಿನವರಲ್ಲ, ಅವರ ಕಣ್ಣು ತಾಕುವುದಿಲ್ಲ. ಹೊಸ ಸೊಸೆಯನ್ನು ಹುಳುಮನೆಗೆ ತುಂಬಿಸಿಕೊಳ್ಳುವುದೂ ಹಾಗೆಯೇ, ಅವಳ ಕೈಯಿಂದ ಒಂದು ಹಿಡಿ ಸೊಪ್ಪು ಹಾಕಿಸಿ.

"ಅವಳ್ನ ಕರ್ಕೊಂಡ್ ಬಾ. ಒಂದು ಹಿಡಿ ಹಾಕ್ಲಿ" ಎಂದಳು ದೊಡ್ಡಮಲ್ಲಮ್ಮ.

ಕರಿಬಸಮ್ಮ ಬರಲಿಲ್ಲ. ಸಣ್ಣಮ್ಮ ಬೇಡಿಕೊಂಡಳು, ಭಾನು ರಮಿಸಿದಳು. ಅವಳು ಚಾಪೆ ಹಿಡಿದು ಕೂತೇ ಇದ್ದಳು. "ಏನಾರ ಆದ್ರೆ ಈ ಸಲ ನಾ ತಡ್ಕಳಕಿಲ್ಲ. ನನ್ ಪಾಡಿಗ್ ನನ್ ಬುಟ್ಬುಡಿ" ಎಂದಳು.

ಈ ಸುದ್ದಿ ಕೇಳಿ ಚಿಕ್ಕಮಲ್ಲಪ್ಪನಿಗೆ ಹಗುರಾಯಿತು. "ಗೂಡು ಕಟ್ಲಿ, ಮಾರಿ ಬತ್ತೀನಿ, ಆಮೇಲೆ ಕಿಟ್ಕಿ ಒಡ್ಕಳಿ, ಯಾರ್ ಬೇಡ ಅಂದ್ರು" ಎಂದ. ಅವನ ತಾಯಿ ಸೊಪ್ಪಿನ ಕುಕ್ಕೆ ಕೆಳಗಿಟ್ಟು ಅವನ ಕಡೆ ತಿರುಗಿದಳು. "ಹುಳ ಇಲ್ದಾಗ ಒಡುದ್ರೆ ಅವಳ ಮೇಲಿರೋ ಮಾತು ಹೋದದಾ? ನಾಳೆನೇ ಒಡೀಲಿ. ನಿಂಗೆ ಭಯ ಆದ್ರೆ ಗದ್ದೆ ಕಡೆ ಓಗು."

ಅವನು ಗದ್ದೆಗೆ ಹೋಗಲಿಲ್ಲ. ಧೂಳು ಬರಬಾರದೆಂದು ಹುಳುಮನೆಯ ಕಿಟಕಿಗೆ ತಾನೇ ಒದ್ದೆ ಗೋಣಿ ಕಟ್ಟಿ ಪಕ್ಕದಲ್ಲೇ ನಿಂತ. ಮಾದಣ್ಣ ಊರವರ ಗೋಡೆಗಳನ್ನು ಎಷ್ಟೋ ಒಡೆದು ಕಟ್ಟಿದವನು. ತನ್ನ ಗೋಡೆಯ ಮೇಲೆ ಇಟ್ಟ ಉಳಿಯನ್ನು ಒಮ್ಮೆ ತೆಗೆದು ಮತ್ತೆ ಇಟ್ಟ. ಅಪ್ಪನ ತೇಪೆ ಇದ್ದ ಕಡೆಯೇ ಹೊಡೆದ. ಒಣಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಚೌಕ ಬಿಡಿಸಿದಾಗ ಬೆಳಕು ಒಳಗೆ ಬಂದು ಒಲೆ, ಮಡಕೆ, ಭಾನುವಿನ ಪುಸ್ತಕ, ಚಾಪೆ ಎಲ್ಲವನ್ನೂ ಒಂದೊಂದಾಗಿ ಮುಟ್ಟಿತು. ಪಡುವಲ ಬಾಗಿಲಿನಿಂದ ನುಗ್ಗಿದ ಆಷಾಢದ ಗಾಳಿಗೆ ಈಗ ಹೋಗಲು ದಾರಿ ಸಿಕ್ಕಿತ್ತು. ಸಣ್ಣಮ್ಮ ಕಣ್ಣುಮುಚ್ಚಿ ಒಂದು ಗಳಿಗೆ ನಿಂತಳು. ಇದು ಯಾರೋ ಕಟ್ಟಿಸಿದವರ ಕಿಟಕಿಯಲ್ಲ, ತನ್ನದು ಎಂದು ನಂಬುವುದಕ್ಕೆ ಅವಳಿಗೆ ಅಷ್ಟು ಹೊತ್ತು ಬೇಕಾಯಿತು.

ಕಣ್ಣು ಬಿಟ್ಟು ಅತ್ತೆಯ ಕಡೆ ತಿರುಗಿದಳು. ಮುಖಕ್ಕೆ ಗಾಳಿ ತಾಕಿದ್ದೇ ತಡ, ಕರಿಬಸಮ್ಮ ಚಾಪೆಯ ಮೇಲೆ ಹೊರಳಿ ಪಡುವಲಿಗೆ ತಿರುಗಿ, ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಬೆಳಕು ಕತ್ತಲೆಯ ಗುರುತಿಲ್ಲದ ಆ ಕಣ್ಣುಗಳನ್ನು ಅವಳು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

ಸಂದಿಯಲ್ಲಿ ಹೆಜ್ಜೆಯ ಸದ್ದಾಯಿತು. ದೊಡ್ಡಮಲ್ಲಮ್ಮ ಒಂದು ಮೊರದಲ್ಲಿ ಹುಳುಗಳನ್ನು ಇಟ್ಟುಕೊಂಡು ಬಂದು ಚೌಕದ ಆಚೆ ನಿಂತಳು. "ಅವ್ವ, ಹುಳ ಹೊರಕ್ಕೆ ತರ್ಬೇಡ" ಎಂದು ಮಗ ಅಂದದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊರವನ್ನು ಒಡೆದ ಗೋಡೆಯ ಮೇಲೆ ಇಟ್ಟು, ಒಂದು ಹಿಡಿ ಎಳೆ ಸೊಪ್ಪನ್ನು ಸಣ್ಣಮ್ಮನ ಕೈಗೆ ಕೊಟ್ಟಳು. ಸಣ್ಣಮ್ಮ ಅದನ್ನು ಅತ್ತೆಯ ಅಂಗೈಯಲ್ಲಿ ಇಟ್ಟು ಬೆರಳು ಮಡಿಸಿದಳು, ರಟ್ಟೆ ಹಿಡಿದು ಎಬ್ಬಿಸಿ ಕಿಟಕಿಯ ಹತ್ತಿರ ತಂದಳು. ಕರಿಬಸಮ್ಮ ಬಂದಳು, ಆದರೆ ಮುಖ ತಿರುಗಿಸಲಿಲ್ಲ. ಪಡುವಲ ಗೋಡೆಗೆ ಮುಖಮಾಡಿಕೊಂಡೇ ಕೈ ಮಾತ್ರ ಹಿಂದಕ್ಕೆ ಚಾಚಿದಳು.

"ಹಾಕು ಕರಿಬಸಿ" ಎಂದಳು ದೊಡ್ಡಮಲ್ಲಮ್ಮ.

ಬೆರಳು ಬಿಚ್ಚಿದವು. ಸೊಪ್ಪು ಹುಳುಗಳ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಆ ಸಣ್ಣ ಮಳೆಯ ಸದ್ದು ಶುರುವಾಯಿತು.

"ತಿಂತಾ ಅವೆಯಾ?" ಎಂದು ಕರಿಬಸಮ್ಮ ಗೋಡೆಯನ್ನೇ ಕೇಳಿದಳು.

"ತಿಂತಾ ಅವೆ ಕಣಮ್ಮಿ. ಕೇಳ್ನಿಲ್ವಾ?"

ಮುದುಕಿ ಕೇಳಿಸಿಕೊಂಡಳು. ಕಣ್ಣ ಮೇಲಿನ ಸೆರಗು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯಿತು.

"ಅವ್ವಾರೇ, ನೋಡ್ಲಾ?" ಎಂದಳು.

"ನೋಡಮ್ಮಿ" ಎಂದಳು ದೊಡ್ಡಮಲ್ಲಮ್ಮ.

ಕರಿಬಸಮ್ಮ ಮೂಡಲಿಗೆ ತಿರುಗಿ ಕಣ್ಣು ತೆರೆದಳು.